ನಾಯಿ ತಿರುಗಾಡಿಸುವ ಅಳಿಯ

ಕಂಪ್ಲಿಯ ಮನೆಗೆ ಅಳಿಯನಾಗಿ ಹೋಗುವ ಮುಂಚೆ ನಾನು ಸಂಡೂರಿನ ಗರಡಿಯ ಹುಡುಗ. ನಾವು ಗಂಡುಮಕ್ಕಳೇ ನಾಲ್ಕು ಜನ. ಬೆಟ್ಟದ ಬುಡದಲ್ಲಿ ಒಂದಿಷ್ಟು ಹೊಲ, ಊಟಕ್ಕೆ ಜೋಳದ ರೊಟ್ಟಿ, ಬೆಳಕು ಹರಿಯುವಾಗ ಗರಡಿ. ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಿ ಓಡಿ ಹೋಗಿ ಓಡಿ ಬಂದು, ಬೆವರು ಆರುವ ಮುಂಚೆ ಗರಡಿಯ ಕೆಂಪು ಮಣ್ಣಿಗೆ ಇಳಿಯುತ್ತಿದ್ದೆವು. ದಂಡ, ಕೂತು ಏಳುವ ಬೈಠಕ್, ಆಮೇಲೆ ಜೋಡಿ ಹಿಡಿದು ಕುಸ್ತಿ. ಎಷ್ಟು ತಿಕ್ಕಿ ತೊಳೆದರೂ ಆ ಮಣ್ಣು ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಹೆಣ್ಣು ಕೊಡಲು ಬಂದ ಕಂಪ್ಲಿಯ ಸಾಹುಕಾರರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಭುಜವನ್ನು ಎಂದು ನಮ್ಮವ್ವ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಸಾಹುಕಾರರಿಗೆ ಅಕ್ಕಿ ಮಿಲ್ಲು ಇತ್ತು, ಕಾಲುವೆ ನೀರಿನ ಗದ್ದೆಗಳಿದ್ದವು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರೇ ಮಕ್ಕಳು, ಒಬ್ಬ ಮಗಳು, ಅವಳಿಗಿಂತ ಚಿಕ್ಕವನೊಬ್ಬ ಮಗ. ಆ ಮಗ ನಮ್ಮ ಮದುವೆಗೆ ಹಿಂದಿನ ವರ್ಷ ತುಂಗಭದ್ರೆಯಲ್ಲಿ ಈಜಲು ಹೋಗಿ ತಿರುಗಿ ಬಂದಿರಲಿಲ್ಲ. ಆದ್ದರಿಂದ ಮಗಳನ್ನು ಹೊರಗೆ ಕಳಿಸುವ ಮಾತೇ ಇರಲಿಲ್ಲ. ಅಳಿಯನೇ ಬಂದು ಮನೆಯಲ್ಲಿ ಇರಬೇಕು. ನಾಲ್ಕು ಗಂಡುಮಕ್ಕಳಿದ್ದ ನಮ್ಮಪ್ಪನಿಗೆ ಅದು ದೊಡ್ಡ ಮಾತು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ದೊಡ್ಡ ಮಿಲ್ಲು, ಕೈತುಂಬ ಕೆಲಸ ಇರುತ್ತದೆ, ಪಕ್ಕದಲ್ಲಿ ಹೊಳೆ ಇದೆ, ದಿನಾ ಈಜಬಹುದು ಎಂದು ಲೆಕ್ಕ ಹಾಕಿಕೊಂಡು ಹೋದೆ.

ಆ ಮನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕೇಳಿದ ಮಾತು ‘ಕುಂದ್ರಿ’. ಎದ್ದರೆ ಕುಂದ್ರಿ. ಬಾವಿಯ ಕಡೆ ಹೋದರೆ ನೀರು ಸೇದಲು ಆಳು ಇದ್ದಾನೆ, ಕುಂದ್ರಿ. ಒಮ್ಮೆ ಮಿಲ್ಲಿನೊಳಗೆ ಹೋಗಿ ನೆಲ್ಲಿನ ಚೀಲಕ್ಕೆ ಕೈ ಹಾಕಿದೆ. ಮಾವನವರು ಓಡುತ್ತ ಬಂದು ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಎಂಜಿನ್ನಿನ ಬೆಲ್ಟು ಎಂದೋ ಒಬ್ಬನ ಧೋತರ ಸೆಳೆದುಕೊಂಡಿತ್ತಂತೆ. ಹೊಳೆಯ ಕಡೆ ಹೋಗುವ ದಾರಿ ಎಲ್ಲಿ ಎಂದು ಕೇಳಿದ ದಿನ ಅವರು ಎದ್ದು ಒಳಗೆ ಹೋದರು. ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ ಎಂದು ಹೆಂಡತಿ ಹೇಳಿದ ಮೇಲೆ ನಾನು ಹೊಳೆಯ ಹೆಸರು ಎತ್ತುವುದನ್ನು ಬಿಟ್ಟೆ. ಊರಲ್ಲಿ ಗರಡಿ ಇತ್ತು. ಅದಕ್ಕೂ ಬೇಡ ಅಂದರು. ಕುತ್ತಿಗೆ ಉಳುಕಿದರೆ ಯಾರು ಹೊಣೆ?

ಬೈದು ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಒಂದು ದಿನವೂ ದನಿ ಏರಿಸಲಿಲ್ಲ. ತಾವೇ ನಿಂತು ನನ್ನ ತಟ್ಟೆಗೆ ತುಪ್ಪ ಹಾಕಿಸುತ್ತಿದ್ದರು. ನಾನು ಮಲಗಿದರೆ ಮಿಲ್ಲಿನ ಆಳುಗಳಿಗೆ ಸದ್ದು ಮಾಡಬೇಡಿ ಎಂದು ಹೇಳಿ ಕಳಿಸುತ್ತಿದ್ದರು. ಹಜಾರದಲ್ಲಿ ಬಿಳಿಯ ಗಾದಿ ಹಾಸಿ, ಬೆನ್ನಿಗೆ ಲೋಡು ಇಟ್ಟು, ಬಂದವರಿಗೆಲ್ಲ ‘ನಮ್ಮ ಅಳಿಯಂದ್ರು’ ಎಂದು ತೋರಿಸುತ್ತಿದ್ದರು. ಬಂದವರು ನನ್ನನ್ನು ನೋಡಿ, ಎಲೆ ಅಡಿಕೆ ಹಾಕಿಕೊಂಡು, ತಮ್ಮ ಮಾತು ಮುಂದುವರಿಸುತ್ತಿದ್ದರು. ಗೋಡೆಯಾಚೆ ಎಂಜಿನ್ನು ಇಡೀ ದಿನ ಬಡಿದುಕೊಳ್ಳುತ್ತಿತ್ತು. ಅದರ ಸದ್ದಿಗೆ ನನ್ನ ತೊಡೆಯ ಮಾಂಸ ತಾನೇ ಅದುರುತ್ತಿತ್ತು.

ಒಂದು ಮುಂಜಾನೆ ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬೈಠಕ್ ಶುರುಮಾಡಿದೆ. ಮಣ್ಣಿನ ಮಾಳಿಗೆ, ಕೆಳಗೆ ಮಾವನವರು ಪೂಜೆಗೆ ಕೂತಿದ್ದರು. ಅವರ ಅಂಗೈಯ ಲಿಂಗದ ಮೇಲೆ ಮಣ್ಣು ಉದುರಿತಂತೆ. ಉಟ್ಟ ಮಡಿಯಲ್ಲೇ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ತೆಗೆದರೆ ಅವರ ಮುಖ ಬಿಳಿಚಿತ್ತು. ನಾನು ಬಿದ್ದೆನೆಂದು ತಿಳಿದಿದ್ದರು. ಬೆವರಿದ ನನ್ನ ಮೈ ನೋಡಿ ಸುಧಾರಿಸಿಕೊಂಡು, “ಇದೆಲ್ಲಾ ಯಾಕ್ರಿ ನಿಮಗ? ನಿಮಗೇನು ಕಡಿಮಿ ಮಾಡೇನಿ ನಾನು?” ಎಂದರು. ಕಡಿಮೆ ಏನೂ ಮಾಡಿರಲಿಲ್ಲ. ಅಂದಿನಿಂದ ಬೈಠಕ್ಕೂ ನಿಂತಿತು.

ಎರಡನೆಯ ಮಹಾಯುದ್ಧ ಶುರುವಾದ ಕಾಲಕ್ಕೆ ನಾಯಿ ಬಂತು. ಕಾಲುವೆಗಳನ್ನು ನೋಡಿಕೊಳ್ಳುವ ಬಿಳಿಯ ಎಂಜಿನಿಯರೊಬ್ಬ ಹೊಸಪೇಟೆಯಲ್ಲಿದ್ದ. ಕಂಪ್ಲಿಗೆ ಕ್ಯಾಂಪು ಬಂದಾಗಲೆಲ್ಲ ಮಾವನವರು ಅವನ ಬಂಗಲೆಗೆ ಅಕ್ಕಿ, ಬಾಳೆಗೊನೆ ಕಳಿಸುತ್ತಿದ್ದರು. ಅವನಿಗೆ ಸೈನ್ಯದಿಂದ ಕರೆ ಬಂತು. ಹೋಗುವ ಮುಂಚೆ ತನ್ನ ನಾಯಿಯನ್ನು ಗೌರವದಿಂದ ತಂದು ಮಾವನವರಿಗೆ ಒಪ್ಪಿಸಿದ. ಬೇಡ ಅನ್ನುವ ಧೈರ್ಯ ಅವರಿಗಾಗಲಿಲ್ಲ. ಎತ್ತರದ ನಾಯಿ, ಬಿಳಿಯ ಮೈಮೇಲೆ ಕಂದು ಮಚ್ಚೆಗಳು, ಜೋತುಬಿದ್ದ ಕಿವಿ. ಆ ಬಿಳಿಯ ದೊರೆ ಇಟ್ಟ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. ದೊರೆಯ ನಾಯಿ ಎಂದು ಕರೆಯುತ್ತ ಕರೆಯುತ್ತ ನಾಯಿಯೇ ದೊರೆಯಾಯಿತು. “ದೊರಿ ಉಂಡನೇನು?” “ದೊರಿ ಮಲಗ್ಯಾನ.” ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ, ದನದ ಕೊಟ್ಟಿಗೆಯ ಒಂದು ಮೂಲೆ ಅದರದ್ದಾಯಿತು.

ಮುಂಜಾನೆ ಸಂಜೆ ತಿರುಗಾಡಿಸಬೇಕು, ಇಲ್ಲದಿದ್ದರೆ ಕಾಯಿಲೆ ಬೀಳುತ್ತದೆ ಎಂದು ಎಂಜಿನಿಯರು ಹೇಳಿ ಹೋಗಿದ್ದ. ಆಳುಗಳು ಹತ್ತಿರ ಹೋಗಲು ಹೆದರಿದರು. ಮಾವನವರು ಎರಡು ದಿನ ಯೋಚಿಸಿ ನನ್ನನ್ನು ಕರೆದರು. “ಅಳಿಯಂದ್ರ, ಇದನ್ನ ನೀವ ತಿರುಗಾಡಿಸ್ರಿ. ಅದರ ಕೆಲ್ಸಾನೂ ಆಗ್ತೈತಿ, ನಿಮ್ಮ ಕಸರತ್ತೂ ಆಗ್ತೈತಿ” ಎಂದರು. ನನಗಾಗಿಯೇ ಏನನ್ನೋ ಹುಡುಕಿ ಕೊಟ್ಟ ಸಂತೋಷ ಅವರ ಮುಖದಲ್ಲಿತ್ತು. ನನಗೂ ಎದೆ ಹಗುರವಾಯಿತು. ಹೊರಗೆ ಹೋಗಲು ಒಂದು ನೆಪ ಸಿಕ್ಕಿತ್ತಲ್ಲ.

ಮರುದಿನ ಸರಪಳಿ ಹಿಡಿದು ಬಾಗಿಲು ದಾಟಿದರೆ ಹಿಂದೆ ಹೆಜ್ಜೆ ಸದ್ದು. ಮಿಲ್ಲಿನ ಹಳೆಯ ಆಳೊಬ್ಬ ಕೊಡೆ ಹಿಡಿದು ಬರುತ್ತಿದ್ದ. ಬಿಸಿಲಿಗೆ ಎಂದ. ಬಿಸಿಲು ಇನ್ನೂ ಬಿದ್ದಿರಲಿಲ್ಲ. ದಾರಿಯನ್ನೂ ಅವನಿಗೆ ಹೇಳಿ ಕಳಿಸಿದ್ದರು. ಮನೆಯಿಂದ ಪೇಟೆಯ ಕೊನೆಯವರೆಗೆ, ಅಲ್ಲಿಂದ ಮಿಲ್ಲಿನ ಗೋಡೆ ಸುತ್ತಿ ಮನೆಗೆ. ಕೋಟೆಯ ಕಡೆ ತಿರುಗುವಂತಿಲ್ಲ, ಯಾಕೆಂದರೆ ಕೋಟೆ ದಾಟಿದರೆ ಹೊಳೆ. ದೊರಿಗೆ ಪ್ರತಿ ಕಲ್ಲು, ಪ್ರತಿ ಕಂಬ, ಪ್ರತಿ ಗಾಡಿಯ ಗಾಲಿ ಮೂಸಿ ನೋಡಬೇಕು. ಅದು ನಿಂತರೆ ನಾನು ನಿಲ್ಲಬೇಕು, ನಾನು ನಿಂತರೆ ಕೊಡೆ ನಿಲ್ಲುತ್ತಿತ್ತು. ಅಂಗಡಿ ಬಾಗಿಲು ತೆಗೆಯುವವರು ಕೈ ನಿಲ್ಲಿಸಿ ನೋಡುತ್ತಿದ್ದರು. ಸ್ವಲ್ಪ ದಿನಕ್ಕೆ ಪೇಟೆಯಲ್ಲಿ ನನಗೂ ಒಂದು ಹೆಸರು ಬಂತು, ದೊರಿ ಅಳಿಯ. ಮುಖದ ಮೇಲೆ ಯಾರೂ ಅನ್ನಲಿಲ್ಲ. ಬೆನ್ನ ಹಿಂದೆ ಅಂದದ್ದು ಕೊಡೆ ಹಿಡಿದವನಿಗೂ ನನಗೂ ಒಟ್ಟಿಗೇ ಕೇಳಿಸುತ್ತಿತ್ತು.

ಹೀಗೆ ವರ್ಷ ಕಳೆಯಿತು. ಒಂದು ದಿನ ಹೆಂಡತಿ ನನ್ನ ಅಂಗಿ ಮಡಚುತ್ತ, ಕಂಕುಳ ಹೊಲಿಗೆ ಬಿಚ್ಚಿಸಬೇಕು, ಹರಿಯಲು ಬಂದಿದೆ ಎಂದಳು. ದಿನಕ್ಕೆ ಎರಡು ಸಲ ತಿರುಗಾಡುತ್ತೇನಲ್ಲ, ದಪ್ಪ ಹೇಗಾದೆ ಎಂದು ಕೇಳಿದೆ. ಅವಳು ಅಂಗಿಯನ್ನು ಮೂಗಿನ ಹತ್ತಿರ ಹಿಡಿದಳು. ತಂದೆಯ ಎದುರು ಕಡಿಮೆ ಮಾತಾಡುವ, ನನ್ನ ಎದುರು ಮಾತ್ರ ನಗುವ ಹೆಂಗಸು ಅವಳು. “ನಾಯಿ ತಿರುಗಾಡಿಸಿ ಬಂದ ಅಂಗಿ ಇದು. ಬೆವರಿನ ವಾಸನಿ ಎಲ್ಲೈತ್ರಿ? ತೊಳ್ಯಾಕ ಹಾಕೋದ ಬ್ಯಾಡ ಅನಸ್ತೈತಿ” ಎಂದಳು. ನಾನೂ ನಕ್ಕೆ. ಆದರೆ ಅವಳು ಕೆಳಗಿಳಿದು ಹೋದ ಮೇಲೆ ತೋಳು ಮಡಚಿ ನೋಡಿಕೊಂಡೆ. ಮೊದಲು ಅಲ್ಲಿ ಗಟ್ಟಿಯಾಗಿ ಏಳುತ್ತಿದ್ದುದು ಈಗ ಒತ್ತಿದರೆ ಒಳಗೆ ಹೋಗುತ್ತಿತ್ತು.

ಅದೇ ಚಳಿಗಾಲದಲ್ಲಿ ನಮ್ಮಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಹೆಂಡತಿಗೆ ಜ್ವರ ಬಂದು ಅವಳು ಉಳಿದಳು, ಕೊಡೆಯವನು ನನ್ನ ಜೊತೆ ಹೊರಟ. ಪೆಟ್ರೋಲು ಸಿಗದ ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಹೊಸಪೇಟೆಯಿಂದ ಸಂಡೂರಿನ ಏರು ಹತ್ತಲಾರದೆ ನಿಂತಾಗ ಗಂಡಸರೆಲ್ಲ ಇಳಿದು ತಳ್ಳಿದರು. ನಾನು ಕೈ ಹಚ್ಚಲು ಹೋದೆ, ಕೊಡೆಯವನು ಅಡ್ಡ ನಿಂತ. ಸಾಹುಕಾರರಿಗೆ ನಾನು ಉತ್ತರ ಕೊಡಬೇಕು ಎಂದ. ಹೆಂಗಸರೂ ಮಕ್ಕಳೂ ಕೂತ ಬಸ್ಸಿನ ಪಕ್ಕ ನಾನು ಸುಮ್ಮನೆ ನಡೆದೆ.

ಕಾರ್ಯದ ಮರುದಿನ ಮುಂಜಾನೆ ಕೊಡೆಯವನು ಇನ್ನೂ ಮಲಗಿರುವಾಗ ಗರಡಿಗೆ ಹೋದೆ. ಹಳೆಯ ಗೆಳೆಯರು ಇನ್ನೇನು ಬೆಟ್ಟದ ಕಡೆ ಹೊರಡುವುದರಲ್ಲಿದ್ದರು. ನಾನೂ ಧೋತರ ಎತ್ತಿ ಕಟ್ಟಿ ಹೊರಟೆ. ಮೊದಲಿನ ಸಮ ದಾರಿಯಲ್ಲಿ ಅವರ ಜೊತೆಗೇ ಇದ್ದೆ. ಆ ಗಾಳಿ, ಕಾಲಿಗೆ ಸಿಕ್ಕುವ ಆ ಗಡಸು ಕೆಂಪು ಕಲ್ಲು, ಎಲ್ಲ ಮೈಗೆ ಗುರುತಿತ್ತು. ಏರು ಶುರುವಾದ ಮೇಲೆ ಅವರ ಬೆನ್ನು ದೂರವಾಗುತ್ತ ಹೋಯಿತು. ನಾನು ಹಟಕ್ಕೆ ಬಿದ್ದೆ. ಅರ್ಧ ದಾರಿಯಲ್ಲಿ ಕಿವಿಯೊಳಗೆ ಕಂಪ್ಲಿಯ ಎಂಜಿನ್ನು ಬಡಿಯತೊಡಗಿತು, ಕಣ್ಣಿಗೆ ಕತ್ತಲು ಬಂತು. ಎಚ್ಚರವಾದಾಗ ಒಂದು ಕಲ್ಲಿಗೆ ಒರಗಿಸಿ ಕೂರಿಸಿದ್ದರು, ಒಬ್ಬ ಮೇಲುವಸ್ತ್ರದಿಂದ ಗಾಳಿ ಹಾಕುತ್ತಿದ್ದ. ಮಾಡುವುದನ್ನೆಲ್ಲ ಬಿಟ್ಟಿದ್ದೀಯೇನು ಎಂದು ಕೇಳಿದರು. ಇಲ್ಲ, ದಿನಾ ಎರಡು ಹೊತ್ತು ನಾಯಿ ತಿರುಗಾಡಿಸುತ್ತೇನೆ ಎಂದೆ. ಅವರು ನಕ್ಕ ನಗು ಕಣಿವೆಯ ಆಚೆ ಬದಿಗೆ ಬಡಿದು ತಿರುಗಿ ಬಂತು.

ಗರಡಿಯ ಉಸ್ತಾದರು ಮಾತ್ರ ನಗಲಿಲ್ಲ. ಚಿಕ್ಕಂದಿನಿಂದ ನನ್ನನ್ನು ಮಣ್ಣಿನಲ್ಲಿ ಹೊರಳಾಡಿಸಿದವರು. ಗರಡಿಗೆ ಇಳಿದು ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ನಾಯಿ ನಿಂತ್ರ ನೀ ಏನ್ ಮಾಡ್ತಿ?” ಎಂದು ಕೇಳಿದರು. ನಾನೂ ನಿಲ್ಲುತ್ತೇನೆ ಎಂದೆ. “ಹಂಗಾರ ಅದು ನಿನ್ನ ತಿರುಗಾಡಿಸ್ತೈತಿ. ಕಸರತ್ತು ಅದರದ್ದು, ನಿಂದಲ್ಲ.” ಅಷ್ಟು ಹೇಳಿ ನನ್ನ ಹೆಗಲು ತಟ್ಟಿ ಒಳಗೆ ಹೋದರು. ಮೊದಲಾಗಿದ್ದರೆ ಬೈಯುತ್ತಿದ್ದರು. ನಾನು ಈಗ ಬೈಯಿಸಿಕೊಳ್ಳುವ ಲೆಕ್ಕದಲ್ಲೂ ಇರಲಿಲ್ಲ.

ನಾನು ಬಿದ್ದ ಸುದ್ದಿ ಕೊಡೆಯವನ ಕಿವಿಗೆ ಬಿದ್ದಿತು. ಅದು ಕಂಪ್ಲಿ ಮುಟ್ಟುವಷ್ಟರಲ್ಲಿ ನಾನು ಸತ್ತು ಬದುಕಿದ್ದೆ. ಮಾವನವರು ನನ್ನ ಮುಂದೆ ಕೂತು ಬಹಳ ಹೊತ್ತು ನನ್ನ ಉಸಿರಾಟವನ್ನೇ ನೋಡಿದರು. ಎದೆ ಗಟ್ಟಿ ಇಲ್ಲ ಎಂದು ತೀರ್ಮಾನಿಸಿದರು. ಇನ್ನು ಮೇಲೆ ಮೆಟ್ಟಿಲು ಹತ್ತುವುದು ಬೇಡ, ಹಾಸಿಗೆ ಕೆಳಗೇ ಹಾಕಿಸುತ್ತೇನೆ ಎಂದರು. ನಾಯಿಯ ಸರಪಳಿ ಕೊಡೆಯವನ ಕೈಗೆ ಹೋಯಿತು.

ಆ ತಿಂಗಳುಗಳನ್ನು ನೆನೆದರೆ ಈಗಲೂ ನನ್ನ ಬೆನ್ನು ಲೋಡಿಗೆ ಅಂಟಿಕೊಂಡ ಹಾಗಾಗುತ್ತದೆ. ದಿನಕ್ಕೆ ಎರಡು ಸಲ, ಸಾಲದು ಸಾಲದು ಎಂದು ಗೊಣಗುತ್ತ ಹೋಗುತ್ತಿದ್ದ ಆ ಮಿಲ್ಲಿನ ಗೋಡೆಯ ಸುತ್ತು ನನಗೆ ಎಷ್ಟು ಬೇಕಾಗಿತ್ತು ಎಂಬುದು ಅದು ತಪ್ಪಿದ ಮೇಲೆ ತಿಳಿಯಿತು. ಬೀದಿಯ ತಣ್ಣನೆ ಮಣ್ಣು, ನೆಲ್ಲಿನ ಗಾಡಿಗಳ ಸಾಲು, ಅಂಗಡಿಯವರ ಮುಸಿಮುಸಿ ನಗು ಕೂಡ. ಈಗ ಹಜಾರದ ಕಿಟಕಿಯ ಸರಳುಗಳ ಆಚೆ ಕೊಡೆಯವನು ನಾಯಿ ಎಳೆದುಕೊಂಡು ಹೋಗುವುದನ್ನು ನೋಡುತ್ತ ಕೂರುತ್ತಿದ್ದೆ. ದೊರಿಗೂ ಅವನ ಜೊತೆ ಹೊಂದಲಿಲ್ಲ. ಒಂದು ವಾರ ಹೋಯಿತು, ಆಮೇಲೆ ಬಾಗಿಲಲ್ಲಿ ಕಾಲು ಚಾಚಿ ಮಲಗಿಬಿಡತೊಡಗಿತು. ಎಷ್ಟು ಎಳೆದರೂ ಏಳುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದರೆ ಎಂಜಿನ್ನು ನಿಂತ ಮೇಲೆ ಒಂದೇ ಸಮ ಊಳಿಡುತ್ತಿತ್ತು. ಹೆಂಡತಿ ಊಟ ಬಡಿಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟಳು. ನಾನೂ ಮಾತು ಕಡಿಮೆ ಮಾಡಿದೆ. ಓಡಿಹೋಗಬೇಕು ಅನ್ನಿಸಿತ್ತೇ ಎಂದರೆ, ಅನ್ನಿಸಿತ್ತು. ಆದರೆ ಮಾವನವರು ಹೊರಗಿನಿಂದ ಬಂದವರೇ ಮೊದಲು ಹಜಾರಕ್ಕೆ ಇಣುಕಿ, ನಾನು ಇದ್ದೇನೆ ಎಂದು ನೋಡಿ, ಆಮೇಲೆ ಕಾಲು ತೊಳೆಯಲು ಹೋಗುತ್ತಿದ್ದರು. ಆ ಇಣುಕು ನನ್ನನ್ನು ಕಟ್ಟಿಹಾಕಿತ್ತು.

ಬೇಸಿಗೆ ಹತ್ತಿರ ಬಂದಾಗ ಅವರು ಹೊಸಪೇಟೆಯಿಂದ ಡಾಕ್ಟರೊಬ್ಬರನ್ನು ಕರೆಸಿದರು. ವೈಷ್ಣವರು, ಮಿತಭಾಷಿ, ಕೋಟಿನ ಮೇಲೆ ಉತ್ತರೀಯ ಹಾಕಿಕೊಳ್ಳುತ್ತಿದ್ದರು. ನನ್ನ ಎದೆ, ಬೆನ್ನು, ಕಣ್ಣು, ಕಾಲು ಎಲ್ಲ ನೋಡಿದರು. ಕೂತು ಎದ್ದು ಮಾಡಿಸಿದರು. ಮಾವನವರು ಪಕ್ಕದಲ್ಲಿ ನಿಂತು ಚೊಂಬಿನಿಂದ ಮತ್ತೆ ಮತ್ತೆ ನೀರು ಕುಡಿಯುತ್ತಿದ್ದರು.

“ಎದಿ ಗಟ್ಟಿ ಅದ. ರೋಗ ಏನೂ ಇಲ್ಲ. ಕೂತು ಕೂತು ಮೈ ಜಡ್ಡಾಗ್ಯದ, ಅಷ್ಟ” ಎಂದರು ಡಾಕ್ಟರು. ಹಾಗೆ ಹೇಳುತ್ತಲೇ ಅವರ ಕಣ್ಣು ಚೊಂಬಿನ ಮೇಲೆ, ಆಮೇಲೆ ಮಾವನವರ ಕಾಲಿನ ಮೇಲೆ ಹೋಯಿತು. ಹೆಬ್ಬೆರಳ ಬಳಿ ಒಂದು ಹುಣ್ಣು ಬಹಳ ದಿನದಿಂದ ಮಾಯದೆ ಉಳಿದಿತ್ತು. ಸಾಹುಕಾರರೇ, ನಿಮ್ಮನ್ನೂ ಒಮ್ಮೆ ನೋಡಲೇ ಎಂದು ಕೇಳಿದರು. ಮೂತ್ರ ತರಿಸಿ, ಗಾಜಿನ ಕೊಳವೆಯಲ್ಲಿ ಒಂದು ನೀಲಿ ಔಷಧದ ಜೊತೆ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಇದ್ದದ್ದು ನೋಡುನೋಡುತ್ತ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ. ಅನ್ನ ಬಿಡಬೇಕು, ಜೋಳ ಉಣ್ಣಬೇಕು, ದಿನಾ ನಡೆಯಬೇಕು ಎಂದರು. ಮಾವನೂ ಅಳಿಯನೂ ಇಬ್ಬರೂ.

ಮಾವನವರು ಚೊಂಬು ಕೆಳಗಿಟ್ಟು ಕೇಳಿದರು. “ನಾಯಿ ತಿರುಗಾಡಿಸಿದ್ರ ನಡೀತೈತೇನ್ರಿ?”

ನಾಯಿ ನಿಮ್ಮ ಹೆಜ್ಜೆಗೆ ಬಂದರೆ ನಡೆಯುತ್ತದೆ, ನೀವು ನಾಯಿಯ ಹೆಜ್ಜೆಗೆ ಹೋದರೆ ನಡೆಯುವುದಿಲ್ಲ ಎಂದರು ಡಾಕ್ಟರು. ಅಂಗಿ ಹಸಿಯಾಗುವವರೆಗೆ ನಡೆಯಬೇಕು, ಅದು ಯಾವ ನೆಪದಿಂದಲಾದರೂ ಸರಿ.

ನನ್ನದು ಹೇಗಾದರೂ ಆಗಲಿ, ಅಳಿಯಂದಿರು ಬೇಡ, ಅವರು ಮನೆಯಲ್ಲೇ ಇರಲಿ ಎಂದರು ಮಾವನವರು. ಡಾಕ್ಟರು ಮತ್ತೆ ಹೇಳಿದರು. ಇವರು ಮತ್ತೆ ತಲೆ ಅಲ್ಲಾಡಿಸಿದರು. ಆಗ ನಡುಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಬಂದು ನಿಂತಳು. ಪರ ಗಂಡಸರಿದ್ದಾಗ ಅವಳು ಹಜಾರಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ. ತಲೆಯ ಮೇಲಿನ ಸೆರಗು ಹಿಡಿದು ನೇರ ತಂದೆಗೇ ಹೇಳಿದಳು.

“ಅಪ್ಪಾ, ತಮ್ಮನ್ನ ಹೊಳಿ ಒಯ್ತು. ಇವರನ್ನ ನೀ ಕುಂದ್ರಿಸಿ ಕುಂದ್ರಿಸಿ ಒಯ್ಯಾಕ ಹತ್ತಿ.”

ಮಾವನವರು ಮಗಳನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಡಾಕ್ಟರು ಕೊಳವೆ ತೊಳೆದು ಪೆಟ್ಟಿಗೆಯಲ್ಲಿಟ್ಟುಕೊಂಡು, ನನಗೆ ಮಾತ್ರ ಕೇಳುವ ಹಾಗೆ, ಔಷಧ ನಿಮ್ಮ ಮನೆಯವರೇ ಕೊಟ್ಟರಲ್ಲ ಎಂದು ಹೇಳಿ ಜಟಕಾ ಹತ್ತಿದರು.

ಮರುದಿನ ಮುಂಜಾನೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಮಾವನವರು ರುಮಾಲು ಸುತ್ತಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ, ನಾಯಿಯ ಸರಪಳಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾಯಿಯನ್ನು ಅವರು ಅಲ್ಲಿಯವರೆಗೆ ಮುಟ್ಟಿದ್ದೇ ಇಲ್ಲ. ಸರಪಳಿಯನ್ನು ಆದಷ್ಟು ಮೈಯಿಂದ ದೂರ ಹಿಡಿದಿದ್ದರು. ಹೋಗೋಣ ಬರ್ರಿ ಎಂದರು. ಕೊಡೆಯವನಿಗೆ ಮನೆಯಲ್ಲೇ ಇರಲು ಹೇಳಿದರು.

ಮಿಲ್ಲಿನ ಗೋಡೆಯ ಕಡೆ ತಿರುಗದೆ ರಾಮಸಾಗರದ ರಸ್ತೆ ಹಿಡಿದರು. ಎಡಬಲಕ್ಕೆ ಗದ್ದೆ, ಬಾಳೆ, ಕಬ್ಬು, ಪಕ್ಕದಲ್ಲಿ ಕಾಲುವೆ. ಎಷ್ಟೋ ವರ್ಷದಿಂದ ಗಾಡಿ ಬಿಟ್ಟು ನಡೆದವರಲ್ಲ. ಸ್ವಲ್ಪ ದೂರಕ್ಕೇ ಏದುಸಿರು ಬಂತು. ನಾನು ಮುಂದೆ ಹೋಗುವಂತಿಲ್ಲ, ಅವರಷ್ಟು ನಿಧಾನ ನಡೆಯಲು ನನಗೆ ಬರುವುದಿಲ್ಲ. ನಾಯಿಯೊಂದಿಗೆ ನಡೆದದ್ದಕ್ಕಿಂತ ಇದು ಇನ್ನೂ ನಿಧಾನ. ಹೊರಗೆ ಬಂದೂ ನನ್ನ ಕಾಲು ಬಿಡುಗಡೆಯಾಗಿರಲಿಲ್ಲ. ಆದರೂ ದಿನಾ ಹೋದೆವು. ಅಂಗಡಿಯವರು ಮೊದಲ ದಿನ ಎದ್ದು ನಿಂತು ಕೈಮುಗಿದರು, ಆಮೇಲೆ ರೂಢಿಯಾಯಿತು.

ಒಂದು ಮುಂಜಾನೆ ಕಾಲುವೆಯ ಮೋರಿಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಮಾವನವರು ನೀರು ನೋಡುತ್ತ ಹೇಳಿದರು. “ಈಜು ಭಾಳ ಚಲೋ ಬರ್ತಿತ್ತು ಅವಂಗ. ನಿಮ್ಮಂಗ ಮೈಕಟ್ಟು ಇತ್ತು.”

ಮಗನ ಬಗ್ಗೆ ಅವರು ನನ್ನ ಮುಂದೆ ಬಾಯಿಬಿಟ್ಟದ್ದು ಅದೇ ಮೊದಲು. ನಾನು ಅಷ್ಟು ದಿನ ತಿಳಿದಿದ್ದು ಬೇರೆ. ಮೈಯಲ್ಲಿ ಕಸುವು ಇದೆ ಎಂದು ತೋರಿಸಿದರೆ ಅವರಿಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಕಸುವಿದ್ದ ಮೈಯನ್ನೇ ಹೊಳೆ ಒಯ್ದಿತ್ತು. ನನ್ನ ಭುಜ ನೋಡಿ ಅಳಿಯನನ್ನಾಗಿ ತಂದವರು, ತಂದ ದಿನದಿಂದ ಆ ಭುಜಕ್ಕೇ ಹೆದರಿದ್ದರು. ದೊರಿ ನಮ್ಮಿಬ್ಬರ ನಡುವೆ ನಾಲಿಗೆ ಚಾಚಿ ಮಲಗಿತ್ತು. ಅವರು ಅದರ ಬೆನ್ನಿನ ಮೇಲೆ ಕೈ ಇಟ್ಟುಕೊಂಡಿದ್ದರು. ಹಾಗೆ ಇಟ್ಟದ್ದು ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಎದ್ದು ನಿಲ್ಲುವ ಮುಂಚೆ, ಬಹಳ ಯೋಚಿಸಿದವರ ಹಾಗೆ, ರಸ್ತೆಯಲ್ಲಿ ಮುಂದೆ ಕಾಣುತ್ತಿದ್ದ ಒಂದು ಆಲದ ಮರ ತೋರಿಸಿದರು. “ಅಲ್ಲಿ ತನಕ ನೀವು ಹೋಗಿ ಬರ್ರಿ. ನಾ ಇಲ್ಲೇ ದೊರೀನ ಹಿಡಕೊಂಡು ಕುಂತಿರ್ತೀನಿ.”

ನಾನು ಮೊದಲು ನಡೆದೆ. ಆಮೇಲೆ ಕಾಲು ಕೇಳಲಿಲ್ಲ, ಓಡಿದೆ. ಮರ ಮುಟ್ಟಿ ತಿರುಗಿ ನೋಡಿದರೆ ಮಾವನವರು ಕಟ್ಟೆಯಿಂದ ಎದ್ದು ರಸ್ತೆಯ ನಡುವೆ ನಿಂತಿದ್ದರು, ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದರು. ಓಡಿ ಬಂದೆ. ಅಂಗಿ ಹಸಿಯಾಗಿತ್ತು. ಸಾಕೇ ಎಂದು ಅವರು ಕೇಳಿದರು. ಸಾಲದು ಎಂದು ಹೇಳುವ ಧೈರ್ಯ ಬರಲಿಲ್ಲ. ಇನ್ನೊಂದು ಸಲ ಹೋಗಿ ಬರಲೇ ಎಂದೆ. ಹೂಂ ಎಂದರು.

ಹೀಗೆ ನನ್ನ ಕಸರತ್ತು ಅವರ ಕಣ್ಣಳತೆಯೊಳಗೆ ಶುರುವಾಯಿತು. ಮೋರಿಯಿಂದ ಮರಕ್ಕೆ, ಮರದಿಂದ ಮೋರಿಗೆ. ಮರದಾಚೆ ರಸ್ತೆ ಕಬ್ಬಿನ ಗದ್ದೆಗಳ ನಡುವೆ ತಿರುಗುತ್ತಿತ್ತು. ಆ ತಿರುವು ದಾಟುವಂತಿರಲಿಲ್ಲ. ಗಾಣದ ಎತ್ತಿಗಿಂತ ನಾನೇನು ಕಡಿಮೆ ಎಂದು ಕೆಲವು ದಿನ ಅನ್ನಿಸುತ್ತಿತ್ತು. ಆದರೆ ಉಸಿರು ಮರಳಿತು, ತೊಡೆ ಗಟ್ಟಿಯಾಯಿತು. ಮನೆಯಲ್ಲಿ ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು. ತಂದೆಗೆಂದು ಬಡಿದದ್ದರಲ್ಲಿ ಅರ್ಧ ನನ್ನ ತಟ್ಟೆಗೆ ಬರುತ್ತಿತ್ತು. ಮಿಲ್ಲಿನ ಹೊರಗೆ ಗಾಡಿಗಳಿಂದ ನೆಲ್ಲು ಇಳಿಸಿಕೊಳ್ಳುವ ಉಸ್ತುವಾರಿಯನ್ನೂ ಮಾವನವರು ನನಗೆ ಬಿಟ್ಟರು. ಬೆಲ್ಟು ಇದ್ದ ಕೋಣೆಗೆ ಮಾತ್ರ ಇನ್ನೂ ಬಿಡಲಿಲ್ಲ.

ಎರಡು ವರ್ಷದ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೊದಲು ಮರ ಮಸುಕಾಯಿತು, ಆಮೇಲೆ ಮರದ ಹತ್ತಿರ ನಾನು ಕಾಣದಾದೆ. ಆ ಸುದ್ದಿ ಅವರು ಯಾರಿಗೂ ಹೇಳಲಿಲ್ಲ. ಒಂದು ದಿನ ಓಡಲು ಹೊರಟವನನ್ನು ತಡೆದು, ಹೋಗುವಾಗ ನಡುನಡುವೆ ಕೂಗುತ್ತಿರಿ, ನನಗೆ ಕೇಳಬೇಕು ಎಂದರು. ಕೂಗುತ್ತ ಓಡುವುದು ಎಂತಹ ಕಷ್ಟ ಎಂದು ಓಡಿದವರಿಗೇ ಗೊತ್ತು. ಉಸಿರು ಕಟ್ಟಿ ಬರುವ ಹೊತ್ತಿಗೆ ‘ಮಾವಾರ’ ಎಂದು ಕೂಗಬೇಕು, ದೂರದಿಂದ ಅವರ ‘ಓ’ ಕೇಳಿದ ಮೇಲೆ ಮುಂದಿನ ಹೆಜ್ಜೆ. ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಬಗ್ಗಿದವರು ಎದ್ದು ನಗುತ್ತಿದ್ದರು. ಕೆಲವರು ನನಗಿಂತ ಮುಂಚೆ ತಾವೇ ಕೂಗಿಬಿಡುತ್ತಿದ್ದರು. ಮಾವನವರು ಅವರಿಗೂ ‘ಓ’ ಎನ್ನುತ್ತಿದ್ದರು.

ದೊರಿಗೂ ವಯಸ್ಸಾಗಿತ್ತು. ಈಗ ಅದು ಯಾವ ಕಲ್ಲನ್ನೂ ಮೂಸುತ್ತಿರಲಿಲ್ಲ. ಮೋರಿಯವರೆಗೆ ಮಾವನವರ ಕಾಲಿಗೆ ಮೈ ತಾಗಿಸಿಕೊಂಡು ಬಂದು, ಅಲ್ಲಿ ಅವರ ಪಾದದ ಮೇಲೆ ತಲೆ ಇಟ್ಟು ಮಲಗುತ್ತಿತ್ತು. ಸರಪಳಿಯನ್ನು ಎಂದೋ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದರು.

ಅದೊಂದು ಚಳಿಯ ಮುಂಜಾನೆ. ಮಂಜು ಮುಸುಕಿತ್ತು, ಮೈ ಹಗುರವಿತ್ತು. ಮರ ಮುಟ್ಟಿದೆ, ಕೂಗಿದೆ, ‘ಓ’ ಬಂತು. ಹಿಂದಿರುಗಬೇಕಾದ ಕಾಲು ಮುಂದೆ ಹೋಯಿತು. ತಿರುವು ದಾಟಿದೆ. ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಬಿಳಿಯ ರಸ್ತೆ, ನನ್ನ ಹೆಜ್ಜೆ ಬಿಟ್ಟರೆ ಒಂದು ಸದ್ದೂ ಇಲ್ಲ. ಕಬ್ಬು ಮುಗಿದು ಬಯಲು ಬಂತು. ಇಬ್ಬರು ಬೆಲ್ಲದ ಗಾಣದ ಬಳಿ ಒಲೆ ಹೊತ್ತಿಸುತ್ತಿದ್ದರು. ಆ ಒಲೆಯ ಹೊಗೆ ಮೂಗಿಗೆ ಬಡಿದಾಗ ಕೂಗುವುದನ್ನು ಮರೆತಿದ್ದೇನೆ ಎಂದು ಹೊಳೆಯಿತು. ಆ ಕಟ್ಟೆಯ ಮೇಲೆ ಕಣ್ಣು ಕಾಣದ ಮನುಷ್ಯ ಎಷ್ಟು ಸಲ ಕಿವಿಗೊಟ್ಟಿರಬಹುದು? ಬಂದದ್ದಕ್ಕಿಂತ ಜೋರಾಗಿ ಓಡಿದೆ. ಕೂಗಲು ಕೂಡ ನಿಲ್ಲಲಿಲ್ಲ.

ಮಾವನವರು ಎದ್ದು ನಿಂತಿರಲಿಲ್ಲ. ಕೂತಲ್ಲೇ ಕೂತು ನಾಯಿಯ ಕಿವಿಯ ಹಿಂದೆ ಕೆರೆಯುತ್ತಿದ್ದರು. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು. ನಾನು ಏದುಸಿರು ಬಿಡುತ್ತ ಎದುರಿಗೆ ನಿಂತೆ. ಅವರೇ ಮೊದಲು ಮಾತಾಡಿದರು.

“ಇವತ್ತು ದೂರ ಹೋಗಿದ್ರಿ ಅನಸ್ತೈತಿ.”

ಹೌದು ಎಂದೆ. ಬಯಲಿನ ತನಕ ಎಂದೂ ಹೇಳಿದೆ. ಇನ್ನೊಂದು ಕೈಯಲ್ಲಿ ಧೋತರದ ತುದಿಯನ್ನು ಬಿಗಿಯಾಗಿ ಹಿಡಿದಿದ್ದ ಅವರ ಬೆರಳುಗಳು ಬಿಳಿಚಿದ್ದವು. ಆಮೇಲೆ ನಿಧಾನವಾಗಿ ಬಿಟ್ಟವು.

“ಆ ಕಡಿ ಕಬ್ಬು ಕಡ್ಯಾಕ ಹತ್ಯಾರೇನು?”

ಇನ್ನೂ ಇಲ್ಲ, ಗಾಣದ ಒಲೆ ಹೊತ್ತಿಸಿದ್ದಾರೆ, ನಾಳೆ ನಾಡಿದ್ದು ಶುರುವಾಗಬಹುದು ಎಂದೆ. ಹೊಗೆ ಯಾವ ಬಣ್ಣದ್ದು, ಕಬ್ಬು ಎಷ್ಟು ಎತ್ತರ ಬಂದಿದೆ, ಯಾರ ಗಾಡಿಗಳು ನಿಂತಿದ್ದವು ಎಂದೆಲ್ಲ ಒಂದೊಂದಾಗಿ ಕೇಳಿದರು. ನನಗೆ ಗೊತ್ತಿದ್ದುದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ನಾಳೆ ನೋಡಿ ಬರುತ್ತೇನೆ ಎಂದೆ. ಆಗಲಿ ಎಂದು ನನ್ನ ಹೆಗಲ ಮೇಲೆ ಕೈ ಊರಿ ಎದ್ದರು. ನಾಯಿ ತಾನಾಗಿ ಏಳುವವರೆಗೆ ಇಬ್ಬರೂ ಬಹಳ ಹೊತ್ತು ಕಾದೆವು.